ಸ್ಕ್ಯಾನರ್ ಕೊಳ್ಳುವ ಮುಂಚೆ: ಬ್ಯಾಂಕ್, ಸ್ಕ್ಯಾನ್‌ಲಿಸ್ಟ್, ಫೇವರಿಟ್ಸ್ ಲಿಸ್ಟ್, ಯಾವ ಜೋಡಣೆ ನಿಮಗೆ ಸರಿ?

ರೇಡಿಯೋ ಸ್ಕ್ಯಾನರ್ ಅಂದರೆ ಫೈರ್, ಪೊಲೀಸ್, ವಿಮಾನದವರು ತಮ್ಮೊಳಗೆ ಆಡುವ ರೇಡಿಯೋ ಮಾತನ್ನು ಹುಡುಕಿ ಕೇಳಿಸುವ ರಿಸೀವರ್. ಅಮೆರಿಕದಲ್ಲಿ ಅದನ್ನು ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲಿನ ಚಾನೆಲ್ ಸಂಖ್ಯೆಗೆ. ಒಂದರ ಮೇಲೆ 500 ಅಂತ ಇರುತ್ತದೆ. ಪಕ್ಕದ್ದರ ಮೇಲೆ 25,000. ದೊಡ್ಡ ಸಂಖ್ಯೆ ಇರುವುದೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ಆ ಸಂಖ್ಯೆ ನೋಡಿ ಕೊಂಡವರಲ್ಲಿ ಎಷ್ಟೋ ಜನ ಮನೆಗೆ ತಂದು ಆನ್ ಮಾಡಿದ ಮೇಲೆ ಏನೂ ಕೇಳದೆ ಬೀರುವಿನಲ್ಲಿ ಇಟ್ಟುಬಿಡುತ್ತಾರೆ.

ನೋಡಬೇಕಾದ್ದು ಬೇರೆ ಇದೆ. ನಿಮ್ಮ ಕೌಂಟಿಯ (ಅಂದರೆ ಅಲ್ಲಿನ ಜಿಲ್ಲೆಯ) ಫೈರ್, ಆಂಬುಲೆನ್ಸ್, ಪೊಲೀಸ್ ಇಲಾಖೆಗಳು ಯಾವ ಬಗೆಯ ವ್ಯವಸ್ಥೆಯಲ್ಲಿ ಮಾತಾಡುತ್ತವೆ? ಸ್ಕ್ಯಾನರ್ ತನ್ನ ಹೊಟ್ಟೆಯೊಳಗೆ ಆ ವ್ಯವಸ್ಥೆಯನ್ನು ಹೇಗೆ ಜೋಡಿಸಿ ಇಟ್ಟುಕೊಳ್ಳುತ್ತದೆ? ಇವೆರಡೂ ಹೊಂದಿಕೊಂಡರೆ 500 ಚಾನೆಲ್ಲಿನ ಸ್ಕ್ಯಾನರೂ ಧಾರಾಳ ಸಾಕು. ಹೊಂದದಿದ್ದರೆ ದುಬಾರಿ ಸ್ಕ್ಯಾನರೂ ಮೂಕವೇ.

ಕ್ಯಾಲಿಫೋರ್ನಿಯಾದ ಬೇ ಏರಿಯಾವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಅಲ್ಲಿ ಸ್ಕ್ಯಾನರ್ ಬರೀ ಹವ್ಯಾಸದ ವಸ್ತುವೂ ಅಲ್ಲ. 2020ರ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಹೊತ್ತಿಕೊಂಡ ಸಿಝಡ್‌ಯು ಬೆಂಕಿ 86,509 ಎಕರೆ ಸುಟ್ಟಿತು. ಅಂಥ ಹೊತ್ತಿನಲ್ಲಿ ಬೆಂಕಿ ಯಾವ ರಸ್ತೆ ದಾಟಿತು ಅನ್ನುವುದು ರೇಡಿಯೋದಲ್ಲಿ ಮೊದಲು ಬರುತ್ತದೆ, ಸುದ್ದಿಯಲ್ಲಿ ಆಮೇಲೆ. ಕರೆಂಟು, ಇಂಟರ್ನೆಟ್ ಹೋದರೂ ಬ್ಯಾಟರಿ ಸ್ಕ್ಯಾನರ್ ನಡೆಯುತ್ತದೆ. ಮನೆ ಖಾಲಿ ಮಾಡಲು ಹೇಳುವ ಅಧಿಕೃತ ಸೂಚನೆಯ ಜಾಗದಲ್ಲಿ ಮಾತ್ರ ಅದನ್ನು ಯಾವತ್ತೂ ಇಡಬೇಡಿ. ಹೊರಡಿ ಅಂದರೆ ಹೊರಡಬೇಕು, ಸ್ಕ್ಯಾನರ್ ಕೇಳುತ್ತಾ ಕೂರಬಾರದು.

ಗಾಳಿಯಲ್ಲಿ ಇರುವುದು ಎರಡು ಬಗೆ

ಹಳೆಯ ಬಗೆಗೆ ಕನ್ವೆನ್ಷನಲ್ ಅನ್ನುತ್ತಾರೆ. ಒಂದು ಫ್ರೀಕ್ವೆನ್ಸಿ, ಒಂದು ಕೆಲಸ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಟವರ್ 120.5 ಮೆಗಾಹರ್ಟ್ಜ್‌ನಲ್ಲಿ ಸಿಗುತ್ತದೆ. ಹಡಗು, ದೋಣಿಗಳ ಚಾನೆಲ್ 16 ಅಂದರೆ 156.8. ನೋವಾ ಹವಾಮಾನ ರೇಡಿಯೋಗೆ 162.400ರಿಂದ 162.550ರ ನಡುವೆ 7 ಫ್ರೀಕ್ವೆನ್ಸಿಗಳಿವೆ. ರೈಲುಗಳು 160, 161ರ ಆಸುಪಾಸಿನಲ್ಲಿ. ಕ್ಯಾಲಿಫೋರ್ನಿಯಾ ಹೈವೇ ಪೆಟ್ರೋಲ್ ದಶಕಗಳಿಂದ 39ರಿಂದ 46 ಮೆಗಾಹರ್ಟ್ಜ್‌ನ ಲೋ ಬ್ಯಾಂಡ್ ಬಳಸುತ್ತಾ ಬಂದಿದೆ. ಕಾಡಿನ ಬೆಂಕಿ ಆರಿಸುವ ಕ್ಯಾಲ್ ಫೈರ್ 151 ಮೆಗಾಹರ್ಟ್ಜ್ ಸುತ್ತಮುತ್ತ ಮಾತಾಡುತ್ತದೆ.

ಇಲ್ಲಿ ಸ್ಕ್ಯಾನರ್ ಕೆಲಸ ಸುಲಭ. ಫ್ರೀಕ್ವೆನ್ಸಿ ಹಾಕಿ, ಹೆಸರು ಕೊಡಿ, ಮುಗಿಯಿತು. ಬೇಕಾದರೆ ಟೋನ್ ಹಾಕಬಹುದು. ಮಾತನ್ನು ಹಿಡಿದು ದೂರಕ್ಕೆ ಮತ್ತೆ ಬಿತ್ತರಿಸುವ, ಬೆಟ್ಟದ ತುದಿಯ ರಿಪೀಟರ್‌ಗಳು ಒಂದೇ ಫ್ರೀಕ್ವೆನ್ಸಿ ಹಂಚಿಕೊಂಡಾಗ ಯಾವ ರಿಪೀಟರ್ ಏಳಬೇಕು ಅನ್ನುವುದನ್ನು ಕಿವಿಗೆ ಬೀಳದ ಒಂದು ಸಣ್ಣ ಟೋನ್ ನಿರ್ಧರಿಸುತ್ತದೆ. ಕ್ಯಾಲ್ ಫೈರ್ ಸಿಬ್ಬಂದಿ 'ಟೋನ್ 1', 'ಟೋನ್ 2' ಅಂತ ಹೇಳುವುದು ಇದನ್ನೇ. ಟೋನ್ 1 ಅಂದರೆ 110.9 ಹರ್ಟ್ಜ್, ಟೋನ್ 2 ಅಂದರೆ 123.0. ಅದು ಅವರ ರೇಡಿಯೋ ಕಳಿಸುವ ಟೋನ್. ರಿಪೀಟರ್ ವಾಪಸ್ ಬಿಡುವ ಟೋನ್ ಬೇರೆಯೇ ಇರಬಹುದು. ನೀವು ಕೇಳುವುದು ರಿಪೀಟರನ್ನು. ಹಾಗಾಗಿ ಬೆಂಕಿಯ ಸಮಯದಲ್ಲಿ ಸ್ಕ್ಯಾನರ್‌ನಲ್ಲಿ ಟೋನ್ ಹಾಕದೆ ಬಿಡುವುದೇ ಮೇಲು. ಸ್ವಲ್ಪ ಗಲಾಟೆ ಬಂದರೂ ಪರವಾಗಿಲ್ಲ, ಯಾವುದೂ ತಪ್ಪಿಹೋಗುವುದಿಲ್ಲ.

ಎರಡನೆಯ ಬಗೆ ಟ್ರಂಕ್ ಸಿಸ್ಟಂ. ಜನರಿಗೆ ತಲೆ ಕೆಡುವುದು ಇಲ್ಲೇ. ಒಂದು ಕೌಂಟಿಯಲ್ಲಿ ನೂರಾರು ಗುಂಪುಗಳಿರುತ್ತವೆ: ಊರೂರಿನ ಫೈರ್, ಆಂಬುಲೆನ್ಸ್, ರಸ್ತೆ ರಿಪೇರಿ, ನೀರು, ಬಸ್ಸು. ಅಷ್ಟಕ್ಕೂ ಒಂದೊಂದು ಫ್ರೀಕ್ವೆನ್ಸಿ ಕೊಡಲು ಗಾಳಿಯಲ್ಲಿ ಜಾಗವಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುವುದೂ ಇಲ್ಲ. ಹಾಗಾಗಿ ಹತ್ತಿಪ್ಪತ್ತು ಫ್ರೀಕ್ವೆನ್ಸಿಗಳನ್ನು ಎಲ್ಲರಿಗೂ ಸೇರಿಸಿ ಇಟ್ಟು, ಯಾರಿಗೆ ಬೇಕೋ ಅವರಿಗೆ ಆ ಕ್ಷಣಕ್ಕೆ ಒಂದನ್ನು ಕಂಪ್ಯೂಟರ್ ಕೊಡುತ್ತದೆ. ಹೀಗೆ ತಮ್ಮೊಳಗೆ ಮಾತಾಡುವ ಒಂದೊಂದು ಗುಂಪಿಗೂ ಟಾಕ್‌ಗ್ರೂಪ್ ಅನ್ನುತ್ತಾರೆ.

ಬೆಂಗಳೂರಿನಲ್ಲಿ 500ಡಿ ಬಸ್ಸಿಗೆ ಕಾಯುವವರು ಬಸ್ಸಿನ ನೋಂದಣಿ ಸಂಖ್ಯೆ ನೋಡುವುದಿಲ್ಲ, ರೂಟ್ ನಂಬರ್ ನೋಡುತ್ತಾರೆ. ಇವತ್ತು ಆ ರೂಟಿಗೆ ಯಾವ ಬಸ್ಸು ಅನ್ನುವುದು ಡಿಪೊಗೆ ಬಿಟ್ಟ ವಿಷಯ. ಟ್ರಂಕ್ ಸಿಸ್ಟಂನಲ್ಲಿ ಟಾಕ್‌ಗ್ರೂಪ್ ರೂಟ್ ಇದ್ದಂತೆ, ಫ್ರೀಕ್ವೆನ್ಸಿ ಬಸ್ಸು ಇದ್ದಂತೆ.

ಈಗ ಒಂದು ಕರೆಯನ್ನು ಹತ್ತಿರದಿಂದ ನೋಡೋಣ. ನಿಮ್ಮೂರ ಫೈರ್ ಡಿಸ್ಪ್ಯಾಚ್ (ಕರೆ ಬಂದಾಗ ಎಂಜಿನ್‌ಗಳನ್ನು ಕಳಿಸುವವರ) ಟಾಕ್‌ಗ್ರೂಪ್ 1201 ಅಂತ ಇಟ್ಟುಕೊಳ್ಳಿ. ಆ ಗುಂಪಿನ ರೇಡಿಯೋಗಳೆಲ್ಲ ಸುಮ್ಮನಿರುವಾಗ ಕಂಟ್ರೋಲ್ ಚಾನೆಲ್ ಅನ್ನುವ ಒಂದೇ ಫ್ರೀಕ್ವೆನ್ಸಿಯ ಮೇಲೆ ಕಿವಿಯಿಟ್ಟು ಕೂತಿರುತ್ತವೆ. ಅಲ್ಲಿ ಮಾತಿಲ್ಲ, ಬಿಡುವಿಲ್ಲದೆ ಡೇಟಾ ಹರಿಯುತ್ತಿರುತ್ತದೆ. ಪಿ25 ಅನ್ನುವ ಡಿಜಿಟಲ್ ವ್ಯವಸ್ಥೆಯಲ್ಲಿ ಅದರ ವೇಗ ಸೆಕೆಂಡಿಗೆ 9600 ಬಿಟ್. ಫೈರ್ ಎಂಜಿನ್‌ನಲ್ಲಿರುವವರು ಬಟನ್ ಒತ್ತಿದ ಕೂಡಲೇ ಅವರ ರೇಡಿಯೋ ಈ ಕಂಟ್ರೋಲ್ ಚಾನೆಲ್‌ಗೆ '1201ಕ್ಕೆ ಜಾಗ ಬೇಕು' ಅಂತ ಕೇಳುತ್ತದೆ. ಕಂಪ್ಯೂಟರ್ ಖಾಲಿ ಇರುವ ಒಂದು ಫ್ರೀಕ್ವೆನ್ಸಿ ಹುಡುಕಿ, '1201 ಇಲ್ಲಿಗೆ ಹೋಗಿ' ಅಂತ ಎಲ್ಲರಿಗೂ ಸಾರುತ್ತದೆ. ಗುಂಪಿನ ಎಲ್ಲ ರೇಡಿಯೋಗಳೂ ಅಲ್ಲಿಗೆ ಹಾರುತ್ತವೆ. ಇದೆಲ್ಲ ಒಂದು ಸೆಕೆಂಡೂ ತೆಗೆದುಕೊಳ್ಳುವುದಿಲ್ಲ. ಮಾತು ಮುಗಿದರೆ ಮತ್ತೆ ಕಂಟ್ರೋಲ್ ಚಾನೆಲ್‌ಗೆ ವಾಪಸ್. ಡಿಸ್ಪ್ಯಾಚರ್ ಕೊಡುವ ಉತ್ತರ ಬೇರೆಯದೇ ಫ್ರೀಕ್ವೆನ್ಸಿಯಲ್ಲಿ ಬರಬಹುದು.

ಟ್ರಂಕಿಂಗ್ ಗೊತ್ತಿಲ್ಲದ ಸ್ಕ್ಯಾನರ್‌ಗೆ ಈ ಫ್ರೀಕ್ವೆನ್ಸಿಗಳನ್ನೆಲ್ಲ ಹಾಕಿದರೆ ಏನಾಗುತ್ತದೆ ಅಂತ ಈಗ ಊಹಿಸಬಹುದು. ಪ್ರಶ್ನೆ ಕೇಳುತ್ತದೆ, ಉತ್ತರ ಸಿಗುವುದಿಲ್ಲ. ಮಧ್ಯೆ ಚರಂಡಿ ರಿಪೇರಿಯವರ ಮಾತು ನುಗ್ಗುತ್ತದೆ. ಕಂಟ್ರೋಲ್ ಚಾನೆಲ್ ಸಿಕ್ಕಾಗ ಸ್ಕ್ಯಾನರ್ ಗರಗರ ಅನ್ನುತ್ತಾ ಅಲ್ಲೇ ನಿಂತುಬಿಡುತ್ತದೆ. ಡಿಜಿಟಲ್ ವ್ಯವಸ್ಥೆಯಾದರೆ ಇಷ್ಟೂ ಇಲ್ಲ, ಬರೀ ಗದ್ದಲ.

ಯಾವ ಸಿಸ್ಟಂಗೆ ಏನು ತುಂಬಬೇಕು

ಟ್ರಂಕ್ ಸಿಸ್ಟಂಗಳೆಲ್ಲ ಒಂದೇ ತರ ಅಲ್ಲ. ಇದು ಗೊತ್ತಿದ್ದರೆ ಪ್ರೋಗ್ರಾಂ ಮಾಡುವಾಗಿನ ಅರ್ಧ ತೊಂದರೆ ತಪ್ಪುತ್ತದೆ.

ಈಗ ಅಮೆರಿಕದ ಸರ್ಕಾರಿ ಇಲಾಖೆಗಳಲ್ಲಿ ಜಾಸ್ತಿ ಇರುವುದು ಪಿ25. ಇದಕ್ಕೆ ಕಂಟ್ರೋಲ್ ಚಾನೆಲ್ ಫ್ರೀಕ್ವೆನ್ಸಿಗಳನ್ನು ಮಾತ್ರ ಕೊಟ್ಟರೆ ಸಾಕು. ಉಳಿದ ಫ್ರೀಕ್ವೆನ್ಸಿಗಳನ್ನು ಲೆಕ್ಕ ಹಾಕುವುದು ಹೇಗೆ ಅನ್ನುವ ಮಾಹಿತಿಯನ್ನೂ ಕಂಟ್ರೋಲ್ ಚಾನೆಲ್ಲೇ ಬಿತ್ತರಿಸುತ್ತಿರುತ್ತದೆ. ಒಂದು ಸೈಟ್‌ಗೆ (ಅಂದರೆ ಟವರ್ ಇರುವ ಜಾಗಕ್ಕೆ) ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಂಟ್ರೋಲ್ ಚಾನೆಲ್‌ಗಳು ಮೀಸಲಿರುತ್ತವೆ, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಮೀಸಲಿನವನ್ನೂ ಹಾಕಿಡಿ. ಇಲ್ಲದಿದ್ದರೆ ಅವರು ಬದಲಾಯಿಸಿದ ದಿನ ನಿಮ್ಮ ಸ್ಕ್ಯಾನರ್ ಸತ್ತಂತೆ ಕೂರುತ್ತದೆ.

ಪಿ25ರಲ್ಲೇ ಫೇಸ್ 1, ಫೇಸ್ 2 ಅಂತ ಎರಡಿವೆ. ಫೇಸ್ 2ರಲ್ಲಿ ಒಂದು ಫ್ರೀಕ್ವೆನ್ಸಿಯ ಸಮಯವನ್ನು ಎರಡು ಸ್ಲಾಟ್ ಮಾಡಿ ಎರಡು ಮಾತುಕತೆ ಕಳಿಸುತ್ತಾರೆ. ಕಂಟ್ರೋಲ್ ಚಾನೆಲ್ ಎರಡರಲ್ಲೂ ಒಂದೇ ಬಗೆಯದು. ಇಲ್ಲೊಂದು ಬಲೆ ಇದೆ. ಫೇಸ್ 1 ಮಾತ್ರ ಬರುವ ಹಳೆಯ ಸ್ಕ್ಯಾನರ್ ಫೇಸ್ 2 ವ್ಯವಸ್ಥೆಯ ಕಂಟ್ರೋಲ್ ಚಾನೆಲನ್ನು ಚೆನ್ನಾಗಿ ಓದುತ್ತದೆ, ಮಾತು ಮಾತ್ರ ಬಿಡಿಸಲಾರದು. 'ಸಿಗ್ನಲ್ ಫುಲ್ ಇದೆ, ಧ್ವನಿ ಇಲ್ಲ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಸಾಂತಾ ಕ್ಲಾರಾ ಕೌಂಟಿಯ ಸಿಲಿಕಾನ್ ವ್ಯಾಲಿ ರೀಜನಲ್ ಕಮ್ಯುನಿಕೇಷನ್ಸ್ ಸಿಸ್ಟಂ ಫೇಸ್ 2. ಅಲ್ಲಿರುವವರು ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ಫೇಸ್ 1 ಸ್ಕ್ಯಾನರ್ ಕೊಳ್ಳಬೇಡಿ.

ಮೊಟೊರೊಲಾದ ಹಳೆಯ ಟೈಪ್ 2 ವ್ಯವಸ್ಥೆಗಳು ಕಡಿಮೆಯಾಗುತ್ತಿವೆ. ಅವುಗಳ ಕಂಟ್ರೋಲ್ ಚಾನೆಲ್ ವೇಗ ಸೆಕೆಂಡಿಗೆ 3600 ಬಿಟ್. ಅಲ್ಲಿ ಟಾಕ್‌ಗ್ರೂಪ್ ಸಂಖ್ಯೆಗಳು 16ರ ಮಗ್ಗಿಯಲ್ಲೇ ಬರುತ್ತವೆ: 16, 32, 48 ಹೀಗೆ. ನಡುವಿನ ಸಂಖ್ಯೆ ಕಂಡರೆ ಅದೇ ಗುಂಪಿನ ತುರ್ತು ಕರೆಯೋ, ಗುಂಪುಗಳನ್ನು ಜೋಡಿಸಿದ ಪ್ಯಾಚೋ ಆಗಿರುತ್ತದೆ.

ಇಡಾಕ್ಸ್, ಎಲ್‌ಟಿಆರ್ ಅನ್ನುವ ಇನ್ನೆರಡಿವೆ. ಇವಕ್ಕೆ ಎಲ್ಲ ಫ್ರೀಕ್ವೆನ್ಸಿಗಳನ್ನೂ ಹಾಕಬೇಕು, ಅದೂ ಸರಿಯಾದ ಲಾಜಿಕಲ್ ಚಾನೆಲ್ ಸಂಖ್ಯೆಯ ಕ್ರಮದಲ್ಲಿ. ಏಕೆಂದರೆ ಇಡಾಕ್ಸ್‌ನ ಕಂಟ್ರೋಲ್ ಚಾನೆಲ್ ಫ್ರೀಕ್ವೆನ್ಸಿ ಹೇಳುವುದಿಲ್ಲ, '3ನೇ ಚಾನೆಲ್‌ಗೆ ಹೋಗಿ' ಅನ್ನುತ್ತದೆ. ನಿಮ್ಮ ಪಟ್ಟಿಯಲ್ಲಿ 3ನೆಯದು ತಪ್ಪಾಗಿದ್ದರೆ ಸ್ಕ್ಯಾನರ್ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತದೆ. ಎಲ್‌ಟಿಆರ್‌ಗೆ ಪ್ರತ್ಯೇಕ ಕಂಟ್ರೋಲ್ ಚಾನೆಲ್ಲೇ ಇಲ್ಲ. ಡಿಎಂಆರ್, ಎನ್‌ಎಕ್ಸ್‌ಡಿಎನ್ ಅನ್ನುವ ಬೇರೆ ಡಿಜಿಟಲ್ ಬಗೆಗಳು ಹೆಚ್ಚಾಗಿ ಕಂಪನಿ, ಮಾಲ್, ಕ್ಯಾಂಪಸ್‌ಗಳಲ್ಲಿ ಸಿಗುತ್ತವೆ.

ಸೈಟ್ ಅನ್ನುವ ವಿಷಯ

ದೊಡ್ಡ ಸಿಸ್ಟಂ ಒಂದೇ ಟವರ್‌ನಲ್ಲಿ ಇರುವುದಿಲ್ಲ. ಮಿಷಿಗನ್, ಮಿನೆಸೋಟಾ, ನಾರ್ತ್ ಕ್ಯಾರೊಲೈನಾದಲ್ಲಿ ಇಡೀ ರಾಜ್ಯಕ್ಕೆ ಒಂದೊಂದು ಜಾಲವಿದೆ. ಟಾಕ್‌ಗ್ರೂಪ್‌ಗಳು ಇಡೀ ಸಿಸ್ಟಂಗೆ ಸೇರಿದ್ದು, ಫ್ರೀಕ್ವೆನ್ಸಿಗಳು ಆಯಾ ಸೈಟ್‌ಗೆ ಸೇರಿದ್ದು. ಈ ಒಂದು ವಾಕ್ಯ ತಲೆಯಲ್ಲಿದ್ದರೆ ಸ್ಕ್ಯಾನರ್‌ನ ಮೆನು ಯಾಕೆ ಹಾಗಿದೆ ಅನ್ನುವುದು ತಾನಾಗಿ ತಿಳಿಯುತ್ತದೆ. ಸಿಸ್ಟಂ ತೆರೆದರೆ ಒಂದು ಕಡೆ ಸೈಟ್‌ಗಳು, ಇನ್ನೊಂದು ಕಡೆ ಟಾಕ್‌ಗ್ರೂಪ್‌ಗಳು.

ಇದರ ಜೊತೆ ಇನ್ನೊಂದು ಮಾತು. ಒಂದು ಟಾಕ್‌ಗ್ರೂಪ್ ಸಾಮಾನ್ಯವಾಗಿ ಎಲ್ಲ ಸೈಟ್‌ಗಳಿಂದಲೂ ಬರುವುದಿಲ್ಲ. ಆ ಗುಂಪಿಗೆ ಟ್ಯೂನ್ ಆಗಿರುವ ರೇಡಿಯೋ ಒಂದಾದರೂ ಆ ಸೈಟ್‌ನಲ್ಲಿ ದಾಖಲಾಗಿದ್ದರೆ ಮಾತ್ರ ಸಿಸ್ಟಂ ಅಲ್ಲಿಗೆ ಮಾತು ಕಳಿಸುತ್ತದೆ. ರಾಜ್ಯದ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯ ಊರಿನ ಫೈರ್ ಟಾಕ್‌ಗ್ರೂಪ್ ಹಾಕಿದರೆ ತಿಂಗಳಾದರೂ ಸದ್ದಿರಲಿಕ್ಕಿಲ್ಲ. ಅದು ಸ್ಕ್ಯಾನರ್ ತಪ್ಪಲ್ಲ, ಪ್ರೋಗ್ರಾಂ ತಪ್ಪೂ ಅಲ್ಲ. ಆದ್ದರಿಂದ ರಾಜ್ಯದ ಜಾಲದಲ್ಲಿ ಇರುವ ಎಲ್ಲ ಸೈಟ್‌ಗಳನ್ನೂ ತುಂಬಬೇಡಿ. ನಿಮ್ಮ ಮನೆಗೆ ಚೆನ್ನಾಗಿ ಸಿಗುವ ಒಂದೆರಡು ಸೈಟ್ ಸಾಕು. ಜಾಸ್ತಿ ಹಾಕಿದಷ್ಟೂ ಸ್ಕ್ಯಾನರ್ ಸಿಗದ ಸೈಟ್‌ಗಳ ಬಾಗಿಲು ತಟ್ಟುತ್ತಾ ಸಮಯ ಕಳೆಯುತ್ತದೆ, ನಿಮ್ಮೂರಿನ ಕರೆ ಅಷ್ಟರಲ್ಲಿ ಮುಗಿದಿರುತ್ತದೆ.

ನಾಲ್ಕು ಬಗೆಯ ಜೋಡಣೆ

ಮೊದಲನೆಯದು ಬ್ಯಾಂಕ್. ಯುನಿಡೆನ್ ಕಂಪನಿಯ ಬಿಸಿ125ಎಟಿ ಇದಕ್ಕೆ ಒಳ್ಳೆಯ ಉದಾಹರಣೆ. 10 ಬ್ಯಾಂಕ್, ಪ್ರತಿ ಬ್ಯಾಂಕಿಗೆ 50 ಚಾನೆಲ್, ಒಟ್ಟು 500. ಒಂದನೇ ಬ್ಯಾಂಕಿಗೆ ವಿಮಾನ, ಎರಡಕ್ಕೆ ರೈಲು, ಮೂರಕ್ಕೆ ಕ್ಯಾಲ್ ಫೈರ್. ಸಂಖ್ಯೆಯ ಗುಂಡಿ ಒತ್ತಿದರೆ ಆ ಬ್ಯಾಂಕ್ ಆನ್ ಅಥವಾ ಆಫ್. ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಲೋ ಬ್ಯಾಂಡ್, ವಿಮಾನ, ವಿಎಚ್‌ಎಫ್, 512 ಮೆಗಾಹರ್ಟ್ಜ್‌ವರೆಗಿನ ಯುಎಚ್‌ಎಫ್ ಎಲ್ಲ ಬರುತ್ತದೆ. 700, 800 ಮೆಗಾಹರ್ಟ್ಜ್ ಇಲ್ಲ. ಟ್ರಂಕಿಂಗ್ ಇಲ್ಲ, ಡಿಜಿಟಲ್ ಇಲ್ಲ. ಬೆಟ್ಟದ ಅಂಚಿನಲ್ಲಿದ್ದು ಕಾಡಿನ ಬೆಂಕಿ, ಹವಾಮಾನ, ವಿಮಾನ ಕೇಳಬೇಕು ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. 

1990ರ ದಶಕದ ಕೊನೆಯಲ್ಲಿ ಬಂದ ಮೊದಲ ಟ್ರಂಕ್ ಸ್ಕ್ಯಾನರ್‌ಗಳೂ ಬ್ಯಾಂಕ್ ಜೋಡಣೆಯವೇ. ಬ್ಯಾಂಕಿಗೆ ಒಂದು ಸಿಸ್ಟಂನ ಫ್ರೀಕ್ವೆನ್ಸಿಗಳು, ಟಾಕ್‌ಗ್ರೂಪ್‌ಗಳ ಪಟ್ಟಿ ಬೇರೆ ಕಡೆ. 50 ಜಾಗದ ಬ್ಯಾಂಕಿಗೆ 12 ಫ್ರೀಕ್ವೆನ್ಸಿ ಹಾಕಿದರೆ ಉಳಿದ 38 ಜಾಗ ವ್ಯರ್ಥ.

ಆ ವ್ಯರ್ಥವನ್ನು ತಪ್ಪಿಸಲು ಯುನಿಡೆನ್ ತಂದದ್ದು ಎರಡನೆಯ ಬಗೆ, ಡೈನಮಿಕ್ ಮೆಮೊರಿ. ಬಿಸಿಡಿ325ಪಿ2, ಬಿಸಿಡಿ996ಪಿ2 ಈ ಜಾತಿಯವು. ಡಬ್ಬದ ಮೇಲಿನ 25,000 ಸಂಖ್ಯೆ ಇವುಗಳದೇ. ಇಲ್ಲಿ ಬ್ಯಾಂಕ್ ಇಲ್ಲ. ಸಿಸ್ಟಂ, ಅದರೊಳಗೆ ಗ್ರೂಪ್, ಅದರೊಳಗೆ ಚಾನೆಲ್. ಟ್ರಂಕ್ ಆದರೆ ಸೈಟ್‌ಗಳೂ ಸೇರುತ್ತವೆ. ನೀವು ಸೇರಿಸಿದಷ್ಟು ಮೆಮೊರಿ ಖರ್ಚು, ಅಳಿಸಿದರೆ ವಾಪಸ್. ಒಂದು ಸಿಸ್ಟಂಗೆ 20 ಗ್ರೂಪ್‌ವರೆಗೆ ಇಡಬಹುದು. ಆನ್, ಆಫ್ ಮಾಡಲು ಕ್ವಿಕ್ ಕೀ: ಸಿಸ್ಟಂ ಮತ್ತು ಸೈಟ್‌ಗಳಿಗೆ 0ರಿಂದ 99, ಗ್ರೂಪ್‌ಗಳಿಗೆ 0ರಿಂದ 9. ಚೆನ್ನಾಗಿ ಯೋಚಿಸಿ ಮಾಡಿದ ಜೋಡಣೆ ಇದು. ಆದರೆ ನೀವೇ ಕೂತು ಕಟ್ಟಬೇಕು. ಕೀಪ್ಯಾಡ್‌ನಿಂದ ಮಾಡಲು ಹೋದರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಫ್ರೀಸ್ಕ್ಯಾನ್, ಪ್ರೊಸ್ಕ್ಯಾನ್‌ನಂಥ ಸಾಫ್ಟ್‌ವೇರ್ ಇಟ್ಟುಕೊಂಡೇ ಶುರು ಮಾಡಿ.

ಮೂರನೆಯದು ಸ್ಕ್ಯಾನ್‌ಲಿಸ್ಟ್. ಜಿಆರ್‌ಇ ಕಂಪನಿ ಶುರು ಮಾಡಿದ್ದು, ಆಮೇಲೆ ವಿಸ್ಲರ್ ಮುಂದುವರಿಸಿತು. ಟಿಆರ್‌ಎಕ್ಸ್-1, ಟಿಆರ್‌ಎಕ್ಸ್-2 ಇದರ ಮಾದರಿಗಳು. ಇದರ ಸೊಗಸು ಎಲ್ಲಿದೆ ಅಂದರೆ, ಇಲ್ಲಿ ಪ್ರತಿ ಚಾನೆಲ್, ಪ್ರತಿ ಟಾಕ್‌ಗ್ರೂಪ್ ಸ್ವತಂತ್ರ ವಸ್ತು. ಅದು ಯಾವ ಸಿಸ್ಟಂನದಾದರೂ ಇರಲಿ, ನಿಮಗೆ ಬೇಕಾದ ಸ್ಕ್ಯಾನ್‌ಲಿಸ್ಟ್‌ಗೆ ಸೇರಿಸಬಹುದು. ಒಂದಕ್ಕಿಂತ ಜಾಸ್ತಿ ಲಿಸ್ಟ್‌ಗಳಲ್ಲೂ ಇಡಬಹುದು. 'ಬೆಂಕಿ' ಅಂತ ಒಂದು ಲಿಸ್ಟ್ ಮಾಡಿ. ಅದರಲ್ಲಿ ಕ್ಯಾಲ್ ಫೈರ್‌ನ ವಿಎಚ್‌ಎಫ್ ಫ್ರೀಕ್ವೆನ್ಸಿ, ಕೌಂಟಿಯ ಪಿ25 ಫೈರ್ ಟಾಕ್‌ಗ್ರೂಪ್, ಹವಾಮಾನ ಮೂರೂ ಇರಲಿ. 'ಮನೆ ಹತ್ತಿರ' ಅನ್ನುವ ಲಿಸ್ಟ್‌ನಲ್ಲಿ ಅದೇ ಫೈರ್ ಟಾಕ್‌ಗ್ರೂಪ್ ಮತ್ತೆ ಬರಲಿ. ಯುನಿಡೆನ್‌ನಲ್ಲಿ ಇದನ್ನು ಮಾಡಬೇಕಾದರೆ ಅದೇ ಚಾನೆಲನ್ನು ಇನ್ನೊಮ್ಮೆ ನಮೂದಿಸಬೇಕು. ವಿಷಯದ ಪ್ರಕಾರ ಯೋಚಿಸುವವರಿಗೆ ಸ್ಕ್ಯಾನ್‌ಲಿಸ್ಟ್ ತುಂಬ ಹಿಡಿಸುತ್ತದೆ. ಡಿಎಂಆರ್‌ಗೆ ಹೆಚ್ಚಿನ ದುಡ್ಡು ಕೊಡಬೇಕಿಲ್ಲ ಅನ್ನುವುದೂ ಇದರ ಪರವಾಗಿದೆ.

ನಾಲ್ಕನೆಯದು ಫೇವರಿಟ್ಸ್ ಲಿಸ್ಟ್. ಯುನಿಡೆನ್‌ನ ಬಿಸಿಡಿ436ಎಚ್‌ಪಿ, ಬಿಸಿಡಿ536ಎಚ್‌ಪಿ, ಎಸ್‌ಡಿಎಸ್100, ಎಸ್‌ಡಿಎಸ್200 ಎಲ್ಲ ಇದರಲ್ಲೇ ನಡೆಯುತ್ತವೆ. ಇವುಗಳೊಳಗೆ ಮೆಮೊರಿ ಕಾರ್ಡ್‌ನಲ್ಲಿ, ಫ್ರೀಕ್ವೆನ್ಸಿಗಳನ್ನು ಪಟ್ಟಿ ಮಾಡುವ ರೇಡಿಯೋ ರೆಫರೆನ್ಸ್ ವೆಬ್‌ಸೈಟಿನ ಇಡೀ ಅಮೆರಿಕ, ಕೆನಡಾ ಪಟ್ಟಿಯೇ ಇರುತ್ತದೆ. ಜಿಪ್ ಕೋಡ್ ಒತ್ತಿದರೆ ಸ್ಕ್ಯಾನ್ ಶುರು. ಮೊದಲ ದಿನವೇ ಏನಾದರೂ ಕೇಳಬೇಕು ಅನ್ನುವವರಿಗೆ ಇದು ವರ. ಸೆಂಟಿನೆಲ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಪಟ್ಟಿ ವಾರಕ್ಕೊಮ್ಮೆ ನವೀಕರಣವಾಗುತ್ತದೆ. ಅದರಿಂದ ಬೇಕಾದ್ದನ್ನು ಆರಿಸಿ ಫೇವರಿಟ್ಸ್ ಲಿಸ್ಟ್ ಮಾಡಿಕೊಳ್ಳಬೇಕು. ಒಳಗಿನ ಜೋಡಣೆ ಹೀಗಿದೆ: ಲಿಸ್ಟ್, ಅದರೊಳಗೆ ಸಿಸ್ಟಂ, ಅದರೊಳಗೆ ಡಿಪಾರ್ಟ್‌ಮೆಂಟ್, ಕೊನೆಗೆ ಚಾನೆಲ್.

ಮಟ್ಟಗಳು ಜಾಸ್ತಿಯಾದಂತೆ ಬೀಗಗಳೂ ಜಾಸ್ತಿ. ಒಂದು ಟಾಕ್‌ಗ್ರೂಪ್ ಕೇಳಬೇಕಾದರೆ ಲಿಸ್ಟ್ ಆನ್ ಇರಬೇಕು, ಸಿಸ್ಟಂನ ಕ್ವಿಕ್ ಕೀ ಆನ್ ಇರಬೇಕು, ಡಿಪಾರ್ಟ್‌ಮೆಂಟಿನದೂ ಆನ್ ಇರಬೇಕು, ಚಾನೆಲ್ 'ಅವಾಯ್ಡ್' ಆಗಿರಬಾರದು. ಇಷ್ಟೂ ಸರಿಯಿದ್ದು ಸದ್ದಿಲ್ಲದಿದ್ದರೆ ಸರ್ವಿಸ್ ಟೈಪ್ ನೋಡಿ. ಪ್ರತಿ ಚಾನೆಲ್‌ಗೆ 'ಫೈರ್ ಡಿಸ್ಪ್ಯಾಚ್', 'ಫೈರ್ ಟ್ಯಾಕ್' ಅಂತ ಒಂದು ಜಾತಿ ಇರುತ್ತದೆ. 'ಫೈರ್ ಟ್ಯಾಕ್' ಆಫ್ ಇದ್ದರೆ ಡಿಸ್ಪ್ಯಾಚರ್ ಎಂಜಿನ್ ಕಳಿಸಿದ್ದು ಕೇಳುತ್ತದೆ, ಸ್ಥಳದಲ್ಲಿ ಏನಾಯಿತು ಅನ್ನುವುದು ಕೇಳುವುದಿಲ್ಲ. ಬೆಂಕಿಯ ದಿನ ನಿಮಗೆ ಬೇಕಾದ್ದು ಎರಡನೆಯದೇ. ಲೊಕೇಶನ್ ಕಂಟ್ರೋಲ್ ಆನ್ ಇದ್ದರೆ ದೂರದ ಲೆಕ್ಕವೂ ಸೇರಿಕೊಳ್ಳುತ್ತದೆ. ಹೊಸಬರು ಅದನ್ನು ಆಫ್ ಇಟ್ಟು ಶುರು ಮಾಡುವುದು ಒಳ್ಳೆಯದು.

ಹಾಗಾದರೆ ಯಾವುದು?

ಮೊದಲು ರೇಡಿಯೋ ರೆಫರೆನ್ಸ್‌ನಲ್ಲಿ ನಿಮ್ಮ ಕೌಂಟಿ ಹುಡುಕಿ. ಫೈರ್ ಮುಂದೆ ಏನು ಬರೆದಿದೆ ನೋಡಿ. ಕನ್ವೆನ್ಷನಲ್ ಅನಲಾಗ್ ಇದ್ದರೆ ಬ್ಯಾಂಕ್ ಸ್ಕ್ಯಾನರ್ ಸಾಕು, ದುಡ್ಡು ಉಳಿಸಿ. ಪಿ25 ಫೇಸ್ 1 ಅಥವಾ 2 ಇದ್ದರೆ ಉಳಿದ ಮೂರರಲ್ಲಿ ಒಂದು. ಆಮೇಲೆ ಆ ಹೆಸರಿನ ಪಕ್ಕ 'ಸೈಮಲ್‌ಕಾಸ್ಟ್' ಅನ್ನುವ ಪದ ಇದೆಯಾ ನೋಡಿ. ಇದನ್ನು ಖಂಡಿತ ಮರೆಯಬೇಡಿ.

ಸೈಮಲ್‌ಕಾಸ್ಟ್ ಅಂದರೆ ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಒಟ್ಟಿಗೆ ಬಿತ್ತರಿಸುವುದು. ಎರಡು ಟವರ್‌ಗಳ ನಡುವೆ ನೀವಿದ್ದರೆ ಎರಡೂ ಸಿಗ್ನಲ್ ಕೂದಲೆಳೆಯಷ್ಟು ಹಿಂದೆಮುಂದೆ ಬಂದು ಒಂದನ್ನೊಂದು ಕೆಡಿಸುತ್ತವೆ. ಇಲಾಖೆಯವರ ರೇಡಿಯೋ ಇದನ್ನು ತಡೆದುಕೊಳ್ಳುತ್ತದೆ. ಸಾಮಾನ್ಯ ಸ್ಕ್ಯಾನರ್ ತಡೆದುಕೊಳ್ಳುವುದಿಲ್ಲ. ಸಿಗ್ನಲ್ ಪಟ್ಟಿ ತುಂಬಿರುತ್ತದೆ, ಮಾತು ಚೂರುಚೂರು. ಎಸ್‌ಡಿಎಸ್100, ಎಸ್‌ಡಿಎಸ್200 ಬೇರೆ ಬಗೆಯ ರಿಸೀವರ್ ಇಟ್ಟುಕೊಂಡು ಬಂದದ್ದು ಇದಕ್ಕಾಗಿಯೇ. ನಗರದ ಸೈಮಲ್‌ಕಾಸ್ಟ್ ಪಿ25 ಕೇಳಬೇಕಾದವರು ಜೋಡಣೆಯ ಸೊಗಸು ನೋಡುತ್ತಾ ಕೂರದೆ ಎಸ್‌ಡಿಎಸ್ ತೆಗೆದುಕೊಳ್ಳಿ.  ದುಬಾರಿ, ನಿಜ. ಆದರೆ ನಾನೂರು ಡಾಲರ್ ಕೊಟ್ಟು ಚೂರುಚೂರು ಮಾತು ಕೇಳುವುದು ಅದಕ್ಕಿಂತ ದುಬಾರಿ. ಸೈಮಲ್‌ಕಾಸ್ಟ್ ಇಲ್ಲದ ಕೌಂಟಿಯವರಿಗೆ ಮಾತ್ರ ಉಳಿದವುಗಳ ಆಯ್ಕೆ ನಿಜವಾಗಿ ತೆರೆದಿದೆ. ಅವರಲ್ಲಿ ತಾವೇ ಕಟ್ಟಿಕೊಳ್ಳುವ ಆಸಕ್ತಿ ಇರುವವರು ಬಿಸಿಡಿ325ಪಿ2 ಕಡೆ ನೋಡಲಿ, ವಿಷಯವಾರು ಬೇಕಾದವರು ಟಿಆರ್‌ಎಕ್ಸ್ ಕಡೆ.

ಕಂಪ್ಯೂಟರ್ ಜೊತೆ ಒಗ್ಗಿದವರಿಗೆ ಇನ್ನೊಂದು ದಾರಿ ಇದೆ. ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದು ಮೂವತ್ತು, ನಲವತ್ತು ಡಾಲರ್. ಎಸ್‌ಡಿಆರ್‌ಟ್ರಂಕ್ ಅನ್ನುವ ಉಚಿತ ಸಾಫ್ಟ್‌ವೇರ್ ಪಿ25 ಎರಡೂ ಫೇಸ್ ಬಿಡಿಸುತ್ತದೆ. ಒಂದು ಡಾಂಗಲ್‌ಗೆ ಸುಮಾರು 2.4 ಮೆಗಾಹರ್ಟ್ಜ್ ಅಗಲ ಕಾಣುತ್ತದೆ. ಸೈಟ್‌ನ ಫ್ರೀಕ್ವೆನ್ಸಿಗಳು ದೂರದೂರ ಇದ್ದರೆ ಎರಡು ಮೂರು ಡಾಂಗಲ್ ಬೇಕು. ಸ್ಕ್ಯಾನರ್ ಒಂದು ಹೊತ್ತಿಗೆ ಒಂದೇ ಮಾತು ಕೇಳಿಸುತ್ತದೆ. ಇದು ಹತ್ತು ಟಾಕ್‌ಗ್ರೂಪ್‌ಗಳನ್ನು ಒಟ್ಟಿಗೆ ಹಿಡಿದು ರೆಕಾರ್ಡ್ ಮಾಡುತ್ತದೆ. ಕರೆಂಟು ಹೋದ ರಾತ್ರಿಗೆ ಮಾತ್ರ ಇದನ್ನು ನಂಬಿಕೊಳ್ಳಲಾಗದು.

ಯಾವ ಸ್ಕ್ಯಾನರ್‌ಗೂ ಸಿಗದ್ದು

ಎನ್‌ಕ್ರಿಪ್ಟ್ ಆದದ್ದನ್ನು, ಅಂದರೆ ಹೊರಗಿನವರಿಗೆ ತಿಳಿಯದಂತೆ ಗೂಢಲಿಪಿಗೆ ತಿರುಗಿಸಿದ ಮಾತನ್ನು, ಯಾವ ಸ್ಕ್ಯಾನರೂ ಬಿಡಿಸುವುದಿಲ್ಲ. ಅಂಗಡಿಯವರು ಏನೇ ಹೇಳಲಿ. 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ನ್ಯಾಯ ಇಲಾಖೆ ಜನರ ಖಾಸಗಿ ಮಾಹಿತಿ ಗಾಳಿಯಲ್ಲಿ ಹೋಗಬಾರದು ಅಂತ ಸುತ್ತೋಲೆ ಕಳಿಸಿದ ಮೇಲೆ ಅಲ್ಲಿನ ಅನೇಕ ಪೊಲೀಸ್ ಇಲಾಖೆಗಳು ಪೂರ್ತಿ ಎನ್‌ಕ್ರಿಪ್ಟ್ ಮಾಡಿಕೊಂಡವು. ಪಾಲೊ ಆಲ್ಟೊ ಪೊಲೀಸರು 2021ರ ಆರಂಭದಲ್ಲಿ ಹಾಗೆ ಮಾಡಿ, ಜನರ ಒತ್ತಾಯದ ನಡುವೆ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದರು. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಶುರು ಮಾಡಿದರು. ಪಟ್ಟಿಯಲ್ಲಿ ಟಾಕ್‌ಗ್ರೂಪ್ ಪಕ್ಕ 'ಇ' ಅಕ್ಷರ ಕಂಡರೆ ಅದನ್ನು ಬಿಟ್ಟುಬಿಡಿ. ಬರೀ ಪೊಲೀಸ್ ಕೇಳಬೇಕು ಅಂತ ಆಸೆಯಿದ್ದು ನಿಮ್ಮೂರಲ್ಲಿ ಎಲ್ಲವೂ 'ಇ' ಆಗಿದ್ದರೆ ಸ್ಕ್ಯಾನರ್ ಕೊಳ್ಳಲೇಬೇಡಿ. ಫೈರ್ ಬಹಳ ಕಡೆ ಇನ್ನೂ ತೆರೆದೇ ಇದೆ.

ಕಾನೂನಿನ ಮಾತೂ ಆಗಲಿ. ಅಮೆರಿಕದಲ್ಲಿ ಮನೆಯಲ್ಲಿ ಕೂತು ಕೇಳುವುದು ಸಾಮಾನ್ಯವಾಗಿ ತಪ್ಪಲ್ಲ. ಕಾರಿನಲ್ಲಿ ಇಟ್ಟುಕೊಳ್ಳುವುದಕ್ಕೆ ನ್ಯೂಯಾರ್ಕ್, ಫ್ಲೋರಿಡಾ, ಇಂಡಿಯಾನಾ, ಕೆಂಟಕಿ, ಮಿನೆಸೋಟಾದಂಥ ರಾಜ್ಯಗಳಲ್ಲಿ ನಿರ್ಬಂಧವಿದೆ. ಭಾರತದಲ್ಲಿ ವಿಷಯ ಬೇರೆ. ಇಂಥ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕು, ನಮಗಲ್ಲದ ಸಂದೇಶ ಕದ್ದು ಕೇಳುವುದು ಅಪರಾಧ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ಬೆಂಗಳೂರು, ಮೈಸೂರಿನಲ್ಲಿ ಈ ಆಸಕ್ತಿ ಇರುವವರಿಗೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆದು ಲೈಸೆನ್ಸ್ ಪಡೆಯುವ ದಾರಿ ಇದೆ. ಅಲ್ಲಿ ಬರೀ ಕೇಳುವುದಷ್ಟೇ ಅಲ್ಲ, ಮಾತಾಡಲೂಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವರನ್ನು ಕೇಳಬೇಕಾದ್ದು ಇಷ್ಟು. ಫೇಸ್ 2 ಬರುತ್ತದಾ? ಡಿಎಂಆರ್, ಎನ್‌ಎಕ್ಸ್‌ಡಿಎನ್ ಅಪ್‌ಗ್ರೇಡ್ ಹಾಕಿಸಿದ್ದಾರಾ? ಯುನಿಡೆನ್‌ನಲ್ಲಿ ಅವಕ್ಕೆ ಬೇರೆ ದುಡ್ಡು. ಒಮ್ಮೆ ಹಾಕಿಸಿದರೆ ಅದು ಆ ಸ್ಕ್ಯಾನರ್‌ಗೇ ಅಂಟಿಕೊಂಡಿರುತ್ತದೆ, ಮಾಲೀಕರು ಬದಲಾದರೂ ಹೋಗುವುದಿಲ್ಲ. ಮೆನುವಿನಲ್ಲಿ ತೆರೆದು ತೋರಿಸಲು ಹೇಳಿ. ಆಮೇಲೆ ನಿಮ್ಮ ಕೌಂಟಿಯ ಕಂಟ್ರೋಲ್ ಚಾನೆಲ್ ಒಂದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರೆದುರೇ ಹಾಕಿ, ಹತ್ತು ನಿಮಿಷ ಕೇಳಿ. ಮಾತು ಸ್ಪಷ್ಟವಾಗಿ ಬಂದರೆ ದುಡ್ಡು ಕೊಡಿ.